ಟೆರಾಟೋಜೆನ್ ಎಂದರೇನು?

ಜಗಳೂರು ಕಡೆಯ ಹಳ್ಳಿಯೊಂದಕ್ಕೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಕೂಸಿಗೆ ಸೀಳುತುಟಿ. ಅಜ್ಜಿಯೊಬ್ಬರು ಕೇಳಿಯೇಬಿಟ್ಟರು, "ಗ್ರಹಣದಾಗ ಹೊರಗೆ ಬಂದಿದ್ದೇನವ್ವಾ?" ಬಾಣಂತಿ ತಲೆ ತಗ್ಗಿಸಿದಳು. ನನಗೆ ಸಂಕಟವಾಯಿತು. ಗ್ರಹಣಕ್ಕೂ ಸೀಳುತುಟಿಗೂ ಸಂಬಂಧವೇ ಇಲ್ಲ. ಆದರೆ ಹೊಟ್ಟೆಯೊಳಗಿನ ಕೂಸಿನ ಬೆಳವಣಿಗೆ ಕೆಡಿಸುವ ವಸ್ತುಗಳು ಇರುವುದು ನಿಜ. ಅವಕ್ಕೆ ಟೆರಾಟೋಜೆನ್ ಎನ್ನುತ್ತಾರೆ.

ಗ್ರೀಕ್ ಮಾತಿನ 'ಟೆರಾಸ್' ಎಂದರೆ ವಿಕಾರ ರೂಪ. ಹೆಸರೇ ಕ್ರೂರ. ಔಷಧ, ಮದ್ಯ, ರುಬೆಲ್ಲಾದಂಥ ಸೋಂಕು ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಸುಮ್ನೆ ವಿಷ ಎಂದರೆ ಸಾಲದು, ಯಾಕೆಂದರೆ ತಾಯಿ ಚೆನ್ನಾಗಿಯೇ ಇದ್ದು ಕೂಸಿಗೆ ಮಾತ್ರ ಪೆಟ್ಟು ಬೀಳಬಹುದು. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ನಿದ್ದೆ ಮಾತ್ರೆಯನ್ನು ಬಸುರಿಯರು ವಾಕರಿಕೆಗೂ ನುಂಗಿದರು. ಎಷ್ಟೋ ದೇಶಗಳಲ್ಲಿ ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರು. ಜರ್ಮನಿಯಲ್ಲಿ ಅದನ್ನು ನಿಲ್ಲಿಸಿದ್ದು 1961ರಲ್ಲಿ.

ಇಲ್ಲಿ ಹೊತ್ತೇ ಮುಖ್ಯ. ಮುಖ ಒಂದೇ ಸಲಕ್ಕೆ ಮೂಡುವುದಿಲ್ಲ. ಮಿದುಳು, ಬೆನ್ನುಹುರಿ ಆಗುವ ಜಾಗದ ಅಂಚಿನಿಂದ ಜೀವಕೋಶಗಳು ಹೊರಟು ಮುಖದ ಕಡೆ ಸರಿಯುತ್ತವೆ. ಅವು ಸೇರಿ ಉಬ್ಬುಗಳಾಗುತ್ತವೆ, ಎರಡೂ ಬದಿಯ ಉಬ್ಬುಗಳು ನಡುವೆ ಬಂದು ಕೂಡಿಕೊಳ್ಳುತ್ತವೆ. ಕೂಡದೆ ಉಳಿದರೆ ಸೀಳು. ತುಟಿ ಆಗುವುದು 4ರಿಂದ 7ನೇ ವಾರದಲ್ಲಿ, ಅಂಗುಳ 6ರಿಂದ 9ರಲ್ಲಿ. ಎಷ್ಟೋ ಹೆಣ್ಣುಮಕ್ಕಳಿಗೆ ಆಗಿನ್ನೂ ಬಸುರಿ ಎಂದೇ ಗೊತ್ತಿರುವುದಿಲ್ಲ, ಅಲ್ವಾ?

ಅದಕ್ಕೇ ರಾಸಾಯನಿಕಗಳನ್ನು ಮೊದಲೇ ಪರೀಕ್ಷಿಸಬೇಕು. ಒಂದೇ ಪ್ರಾಣಿಯನ್ನು ನಂಬುವಂತಿಲ್ಲ. ಥಾಲಿಡೊಮೈಡ್ ಇಲಿಗಳಿಗಿಂತ ಮೊಲಗಳಲ್ಲಿ ಜಾಸ್ತಿ ಹಾನಿ ತೋರಿಸಿತು. ಈಗ ಅಕ್ವೇರಿಯಂಗಳಲ್ಲಿ ಸಾಕುವ ಪಟ್ಟೆಪಟ್ಟೆಯ ಝೀಬ್ರಾ ಮೀನನ್ನೂ ಬಳಸುತ್ತಾರೆ. ಅದರ ಮರಿ ತಾಯಿಯ ಹೊಟ್ಟೆಯ ಹೊರಗೆ, ಗಾಜಿನಂಥ ಮೊಟ್ಟೆಯೊಳಗೆ ಬೆಳೆಯುತ್ತದೆ. ರಾಸಾಯನಿಕ ಬೆರೆಸಿದ ನೀರಿನಲ್ಲಿ ಒಂದಷ್ಟು ಮೊಟ್ಟೆ, ಬರೀ ನೀರಿನಲ್ಲಿ ಒಂದಷ್ಟು. ಸುಮಾರು 5 ದಿನಕ್ಕೆ ಆಲ್ಸಿಯನ್ ಬ್ಲೂ ಬಣ್ಣ ಹಾಕಿದರೆ ದವಡೆಯ ಮೆತ್ತನೆ ಎಲುಬು ನೀಲಿಯಾಗಿ ಎದ್ದು ಕಾಣುತ್ತದೆ. ಗಿಡ್ಡವಾಗಿದೆಯೋ ಸೊಟ್ಟಗಿದೆಯೋ ಹೋಲಿಸಿ ನೋಡಬಹುದು. ಮೀನಿಗೆ ಆದದ್ದು ಮನುಷ್ಯರಿಗೂ ಆಗಿಯೇ ತೀರುತ್ತದೆ ಎಂದಲ್ಲ. ಆದರೆ ಯಾವುದನ್ನು ಇನ್ನೂ ಹುಷಾರಾಗಿ ಪರೀಕ್ಷಿಸಬೇಕು ಎಂಬ ಸುಳಿವು ಬೇಗ ಸಿಗುತ್ತದೆ.

ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಟೆರಾಟೋಜೆನ್‌ಗಳು ಎಂದು ಖಚಿತವಾಗಿದೆ. ಇಂಥವನ್ನು ನುಂಗುತ್ತಿದ್ದರೆ ಬಸುರಿಯಾಗುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಫಿಟ್ಸ್ ಮಾತ್ರೆಯನ್ನು ಮಾತ್ರ ನೀವಾಗಿಯೇ ಬಿಡಬೇಡಿ, ಫಿಟ್ಸ್ ಬಂದರೆ ಇಬ್ಬರಿಗೂ ಅಪಾಯ.

ಸೀಳುತುಟಿಗೆ ಬಹಳ ಸಲ ಇದೇ ಕಾರಣ ಎಂದು ಬೆರಳು ಮಾಡಲಾಗುವುದಿಲ್ಲ, ವಂಶದಿಂದ ಬಂದದ್ದೂ ಸೇರಿರುತ್ತದೆ. ಆ ಬಾಣಂತಿಗೂ ಅದನ್ನೇ ಹೇಳಿದೆ. ಮೂರು ತಿಂಗಳಾದ ಮೇಲೆ ತುಟಿ ಹೊಲಿಯಬಹುದು, ದಾವಣಗೆರೆಗೆ ಕರೆದುಕೊಂಡು ಬಾರಮ್ಮ ಎಂದೂ ಹೇಳಿದೆ.