ಯು-ಬೂಟ್‌ನ ನೆಟ್‌ವರ್ಕ್ ಡ್ರೈವರ್: ಹಳೇ ಕೋಡ್ ಹೊಸದರಲ್ಲಿ ಯಾಕೆ ಓಡಲ್ಲ?

ತುಮಕೂರಿನಲ್ಲಿ ಎಂಬೆಡೆಡ್ (ಯಂತ್ರದೊಳಗಿನ ಪುಟ್ಟ ಕಂಪ್ಯೂಟರ್) ಕೆಲಸ ಕಲಿಯುವ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಅದು ಯು-ಬೂಟ್ ಬಗ್ಗೆ, ಅಂದರೆ ಬೋರ್ಡಿಗೆ ಕರೆಂಟ್ ಕೊಟ್ಟಾಗ ಮೊದಲು ಓಡುವ ಬೂಟ್‌ಲೋಡರ್ ಬಗ್ಗೆ, ಮತ್ತು ಅದರಲ್ಲಿ ನೆಟ್‌ವರ್ಕ್ ಚಿಪ್ ನಡೆಸುವ ಕೋಡ್ ಆದ ಡ್ರೈವರ್ ಬಗ್ಗೆ. "ಸರ್, ಬೋರ್ಡ್ ಮೇಲಿರೋ ಚಿಪ್ಪೂ ಅದೇ, ಅದರ ಡ್ರೈವರೂ ಸಿಕ್ತು. ಆದ್ರೆ ಹೊಸ ಯು-ಬೂಟ್‌ಗೆ ಹಾಕಿದ್ರೆ ಕಂಪೈಲೇ ಆಗಲ್ಲ. ಹೆಂಗೋ ಕಂಪೈಲ್ ಮಾಡಿಸಿದ್ರೆ ಪ್ಯಾಕೆಟ್ ಬರಲ್ಲ. ಎಲ್ಲಿ ನೋಡ್ಲಿ?"

ಡೇಟಾಶೀಟ್ ನೋಡು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಇಂಥ ತೊಂದರೆಗಳಲ್ಲಿ ಜಾಸ್ತಿ ಪಾಲು ಚಿಪ್‌ನದಲ್ಲ. ಆ ಕೋಡ್ ಯಾವ ಕಾಲದ್ದು ಅನ್ನೋದು ಗೊತ್ತಿಲ್ಲದ ತೊಂದರೆ ಅದು. ಬೂಟ್‌ಲೋಡರ್‌ನ ನೆಟ್‌ವರ್ಕ್ ಡ್ರೈವರ್ ಬರೆಯುವ ರೀತಿ ಇಪ್ಪತ್ತೈದು ವರ್ಷದಲ್ಲಿ ಎರಡು ಸಲ ಬದಲಾಗಿ ಮೂರು ಕಾಲ ಕಂಡಿದೆ, ಮೂರೂ ಕಾಲದ ಕೋಡ್ ಇವತ್ತಿಗೂ ಹುಡುಕಿದರೆ ಸಿಗುತ್ತದೆ, ಯಾವುದರ ಮೇಲೂ "ಇದು ಹಳೆಯದು" ಅಂತ ಬರೆದಿರುವುದಿಲ್ಲ.

ನಮ್ಮ ಜಿಲ್ಲೆಗೆ ಇದು ದೂರದ ವಿಷಯ ಏನಲ್ಲ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್‌ನದು. ಅಂಥ ಜಾಗಗಳಲ್ಲಿ ಇನ್ವರ್ಟರ್ ಲೆಕ್ಕ ಓದಿ ಕಳಿಸಲು ಡೇಟಾ ಲಾಗರ್, ಗೇಟ್‌ವೇ ಬೇಕೇ ಬೇಕು. ಇಂಥ ಪೆಟ್ಟಿಗೆಗಳಲ್ಲಿ ಎಷ್ಟೋ ಲಿನಕ್ಸ್ ಓಡಿಸುವ ಪುಟ್ಟ ಬೋರ್ಡುಗಳು. ಅಂತರಸನಹಳ್ಳಿ, ವಸಂತನರಸಾಪುರದ ಕಡೆ ಇರುವ ಸಣ್ಣ ಘಟಕಗಳಾಗಲಿ, ದಿನಾ ಬೆಳಿಗ್ಗೆ ಯಶವಂತಪುರದ ಟ್ರೈನ್ ಹಿಡಿಯುವ ಇಂಜಿನಿಯರ್‌ಗಳಾಗಲಿ, ಸ್ವಂತ ಬೋರ್ಡ್ ಮಾಡಲು ಹೊರಟವರು ಒಂದಲ್ಲ ಒಂದು ದಿನ ಈ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಮೊದಲು, ಬೂಟ್‌ಲೋಡರ್‌ಗೆ ನೆಟ್‌ವರ್ಕ್ ಯಾಕೆ ಬೇಕು? ಕರೆಂಟ್ ಕೊಟ್ಟಾಗ ಎದ್ದು, ರ್‍ಯಾಮ್ ಸಿದ್ಧಮಾಡಿ, ಲಿನಕ್ಸ್ ಕರ್ನಲ್ ತಂದು ಕೂರಿಸಿ, ಕೀಲಿಕೈ ಅದಕ್ಕೆ ಕೊಟ್ಟು ಹೋಗುವುದಷ್ಟೇ ಬೂಟ್‌ಲೋಡರ್ ಕೆಲಸ. ಕರ್ನಲ್ ಎಲ್ಲಿಂದ ತರಬೇಕು ಅನ್ನೋದೇ ಪ್ರಶ್ನೆ. ಸೀರಿಯಲ್ ಕೇಬಲ್‌ನಲ್ಲಿ 115200 ವೇಗದಲ್ಲಿ ಸೆಕೆಂಡಿಗೆ ಸುಮಾರು 11.5 ಕೆಬಿ ಹೋಗುತ್ತದೆ. 8 ಎಂಬಿಯ ಕರ್ನಲ್‌ಗೆ 12 ನಿಮಿಷ ಬೇಕು. ಒಂದು ಸಾಲು ಬದಲಿಸಿ ನೋಡಲು 12 ನಿಮಿಷ ಕಾದು ಕೂರೋದು ಯಾರಿಗೆ ಆಗುತ್ತೆ? ಎಸ್‌ಡಿ ಕಾರ್ಡ್ ತೆಗೆದು ಹಾಕಿ ತೆಗೆದು ಹಾಕಿ ಸಾಕೆಟ್ ಸಡಿಲ ಆಗುತ್ತದೆ. 100 ಮೆಗಾಬಿಟ್ ಈಥರ್ನೆಟ್‌ನಲ್ಲಿ ಅದೇ ಫೈಲ್ ಕೆಲವೇ ಸೆಕೆಂಡು.

ಈ ಉಪಾಯ ಯು-ಬೂಟ್‌ಗಿಂತ ಹಳೆಯದು. 1980ರ ದಶಕದಲ್ಲಿ ಡಿಸ್ಕ್ ದುಬಾರಿ ಇತ್ತು. ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್‌ಗಳು ನೆಟ್‌ವರ್ಕ್‌ನಿಂದಲೇ ಬೂಟ್ ಆಗಬೇಕಿತ್ತು. ನೆಟ್‌ವರ್ಕ್‌ನಿಂದ ಫೈಲ್ ತರುವ ಟಿಎಫ್‌ಟಿಪಿ, ಯಂತ್ರಕ್ಕೆ ಅದರ ಐಪಿ ವಿಳಾಸ ತಿಳಿಸುವ ಆರ್‌ಎಆರ್‌ಪಿ ಹುಟ್ಟಿದ್ದು ಆಗಲೇ, 1985ರಲ್ಲಿ ಅದೇ ಕೆಲಸದ ಬೂಟ್‌ಪಿಯೂ ಬಂತು. ಟಿಎಫ್‌ಟಿಪಿಯನ್ನು ಬೇಕಂತಲೇ ಸಣ್ಣದಾಗಿ ಮಾಡಿದ್ದರು, ಓದಲು ಮಾತ್ರ ಬರುವ ಪುಟ್ಟ ರೋಮ್ (ROM) ಚಿಪ್‌ನೊಳಗೆ ಹಿಡಿಸಬೇಕಲ್ಲ. 512 ಬೈಟ್‌ನ ಒಂದು ಬ್ಲಾಕ್ ಕಳಿಸು, ಸಿಕ್ಕಿತು ಅಂತ ಉತ್ತರ ಬರೋವರೆಗೆ ಕಾಯಿ, ಆಮೇಲೆ ಮುಂದಿನದು. 8 ಎಂಬಿ ಫೈಲ್ ಅಂದರೆ ಇಂಥ 16,384 ಸುತ್ತು. ಒಂದೊಂದಕ್ಕೆ ಒಂದು ಮಿಲಿಸೆಕೆಂಡ್ ಹಿಡಿದರೂ 16 ಸೆಕೆಂಡು. ಬ್ಲಾಕ್ ದೊಡ್ಡದು ಮಾಡುವ ಆಯ್ಕೆ ಆಮೇಲೆ ಬಂತು. ಇವತ್ತು ಯು-ಬೂಟ್ ಸಾಮಾನ್ಯವಾಗಿ ಕೇಳುವುದು 1468 ಬೈಟ್. ಒಂದು ಈಥರ್ನೆಟ್ ಪ್ಯಾಕೆಟ್‌ನಲ್ಲಿ ಹಿಡಿಸುವ 1500 ಬೈಟ್‌ನಲ್ಲಿ ಐಪಿಯ 20, ಯುಡಿಪಿಯ 8, ಟಿಎಫ್‌ಟಿಪಿಯ 4 ಬೈಟ್ ಸ್ವಂತ ಮಾಹಿತಿ ಕಳೆದರೆ ಉಳಿಯುವುದು ಅಷ್ಟೇ.

ಈ ಕಾದು ಕೂರುವ ಸ್ವಭಾವ ಡ್ರೈವರ್ ಬರೆಯುವವರಿಗೆ ಮುಖ್ಯ. ಪ್ಯಾಕೆಟ್ ಕಳೆದುಹೋದರೆ ಟಿಎಫ್‌ಟಿಪಿ ಟೈಮ್‌ಔಟ್ ತನಕ ಸುಮ್ನೆ ನಿಲ್ಲುತ್ತದೆ, ಪರದೆ ಮೇಲೆ ಹ್ಯಾಶ್ ಗುರುತಿನ ಬದಲು ಟೀ, ಟೀ, ಟೀ ಅಂತ ಅಕ್ಷರ ಸಾಲಾಗಿ ಬೀಳುತ್ತದೆ. ಅದನ್ನು ನೋಡಿ ನಾವು ಸರ್ವರ್ ಅನ್ನು ಬೈಯುತ್ತೇವೆ, ಕೇಬಲ್ ಬದಲಿಸುತ್ತೇವೆ. ತಪ್ಪು ಎಷ್ಟೋ ಸಲ ಡ್ರೈವರ್‌ನಲ್ಲೇ ಇರುತ್ತದೆ.

ಯು-ಬೂಟ್‌ನ ಮೂಲ ಪಿಪಿಸಿಬೂಟ್. ಪವರ್‌ಪಿಸಿ ಬೋರ್ಡುಗಳಿಗಾಗಿ ಜರ್ಮನಿಯ ವುಲ್ಫ್‌ಗಾಂಗ್ ಡೆಂಕ್ 2000ದಲ್ಲಿ ಅದನ್ನು ಹೊರಗೆ ಬಿಟ್ಟರು. 2002ರಲ್ಲಿ ಆರ್ಮ್ ಕಡೆಯ ಕೆಲಸವೂ ಸೇರಿ ಯು-ಬೂಟ್ ಆಯಿತು. ಆ ಮೊದಲ ಕಾಲದ ಸರಳ ಡ್ರೈವರ್‌ನಲ್ಲಿ ನಾಲ್ಕೇ ಫಂಕ್ಷನ್: ಈಥರ್ನೆಟ್ ಕಾರ್ಡ್ (ಅಂದರೆ ನೆಟ್‌ವರ್ಕ್ ಚಿಪ್) ಎಬ್ಬಿಸು, ಕಳಿಸು, ಬಂದಿದೆಯಾ ನೋಡು, ಮಲಗಿಸು. ಒಂದು ಬೋರ್ಡಿಗೆ ಒಂದೇ ಕಾರ್ಡ್ ಅನ್ನೋ ನಂಬಿಕೆ. ಫಂಕ್ಷನ್ ಹೆಸರುಗಳೂ ಎಲ್ಲ ಡ್ರೈವರ್‌ಗಳಲ್ಲಿ ಒಂದೇ, ಆದ್ದರಿಂದ ಎರಡು ಡ್ರೈವರ್ ಒಟ್ಟಿಗೆ ಕಂಪೈಲ್ ಮಾಡೋ ಹಾಗೇ ಇಲ್ಲ. ಚಿಪ್ ಎಲ್ಲಿದೆ, ಯಾವ ವಿಳಾಸ, ಎಲ್ಲಾ ಬೋರ್ಡಿನ ಹೆಡರ್ ಫೈಲ್‌ನಲ್ಲಿ. ಬೇರೆ ಕಡೆಯಿಂದ ಕೋಡ್ ತರುವ ರೂಢಿಯೂ ಇತ್ತು. ರಿಯಲ್‌ಟೆಕ್ 8139 ಅನ್ನೋ ಈಥರ್ನೆಟ್ ಚಿಪ್‌ನ ಡ್ರೈವರ್‌ನ ಹೆಚ್ಚಿನ ಭಾಗ ನೆಟ್‌ವರ್ಕ್ ಬೂಟ್‌ನ ಇನ್ನೊಂದು ಪ್ರಾಜೆಕ್ಟ್ ಈಥರ್‌ಬೂಟ್‌ನಿಂದ ಬಂದದ್ದು.

ಆ ಕಾಲದ ಒಂದು ತೀರ್ಮಾನ ಇವತ್ತಿಗೂ ಉಳಿದಿದೆ, ನನಗೆ ಬಹಳ ಇಷ್ಟವಾದದ್ದೂ ಅದೇ. ಇಂಟರಪ್ಟ್ ಇಲ್ಲ. ಪ್ಯಾಕೆಟ್ ಬಂತು ಅಂತ ಕಾರ್ಡ್ ಯಾರನ್ನೂ ಕೂಗಿ ಕರೆಯುವುದಿಲ್ಲ, ಯು-ಬೂಟೇ ಲೂಪ್‌ನಲ್ಲಿ ಮತ್ತೆ ಮತ್ತೆ ಹೋಗಿ ನೋಡುತ್ತದೆ. ಅದೂ ಟಿಎಫ್‌ಟಿಪಿ, ಪಿಂಗ್ ಇಂಥ ಕಮಾಂಡ್ ಓಡುವಾಗ ಮಾತ್ರ. ಕಮಾಂಡ್ ಮುಗಿದರೆ ಕಾರ್ಡೂ ಬಂದ್. ಹಾಗಾಗಿ ಯು-ಬೂಟ್ ಪ್ರಾಂಪ್ಟ್‌ನಲ್ಲಿ ನಿಂತಿರುವ ಬೋರ್ಡಿಗೆ ಪಿಸಿಯಿಂದ ಪಿಂಗ್ ಮಾಡಿದರೆ ಉತ್ತರ ಬರುವುದಿಲ್ಲ. ಡ್ರೈವರ್ ಕೆಟ್ಟಿದೆ ಅಂದುಕೊಂಡು ಇದರ ಹಿಂದೆ ಎಷ್ಟು ಜನ ರಾತ್ರಿ ಕಳೆದಿದ್ದಾರೋ! ಬೋರ್ಡಿನಿಂದ ಪಿಸಿಗೆ ಪಿಂಗ್ ಮಾಡಿ ನೋಡಬೇಕು. ಬೇಕಿದ್ದಾಗ ಮಾತ್ರ ಸಾಧನವನ್ನು ಎಬ್ಬಿಸು ಅನ್ನೋದು ಯು-ಬೂಟ್‌ನ ಮೂಲ ನಿಯಮಗಳಲ್ಲಿ ಒಂದು.

ಮಲಗಿಸುವ ಫಂಕ್ಷನ್ ಅನ್ನು ಹೊಸಬರು ಖಾಲಿ ಬಿಡುತ್ತಾರೆ, ಇಲ್ಲದಿದ್ದರೂ ನಡೆಯುತ್ತಲ್ಲ ಅಂತ. ಖಂಡಿತಾ ಬಿಡಬೇಡಿ. ಕಾರ್ಡ್‌ನ ಡಿಎಂಎ (ಪ್ರಾಸೆಸರ್ ಸಹಾಯವಿಲ್ಲದೆ ಕಾರ್ಡ್ ತಾನೇ ಮೆಮೊರಿಗೆ ಬರೆಯುವುದು) ನಿಲ್ಲಿಸದೆ ಕರ್ನಲ್‌ಗೆ ಜಿಗಿದರೆ, ನೆಟ್‌ವರ್ಕ್‌ನಲ್ಲಿ ಬರುವ ಪ್ರತಿ ಬ್ರಾಡ್‌ಕಾಸ್ಟ್ ಪ್ಯಾಕೆಟ್ ಹಳೇ ವಿಳಾಸಕ್ಕೇ ಹೋಗಿ ಬೀಳುತ್ತದೆ. ಆ ಜಾಗದಲ್ಲಿ ಈಗ ಲಿನಕ್ಸ್‌ನ ಏನೋ ಇರುತ್ತದೆ. ಮೇಜಿನ ಮೇಲೆ ಒಂಟಿ ಕೇಬಲ್‌ನಲ್ಲಿ ಚೆನ್ನಾಗಿ ಬೂಟ್ ಆಗುವ ಬೋರ್ಡ್, ಗದ್ದಲದ ಆಫೀಸ್ ನೆಟ್‌ವರ್ಕ್‌ಗೆ ಹಾಕಿದಾಗ ಒಮ್ಮೊಮ್ಮೆ ಮಾತ್ರ ಸಾಯುತ್ತದೆ. ಇದಕ್ಕಿಂತ ಕಷ್ಟದ ಬಗ್ ಹುಡುಕೋದು ಬೇರೆ ಇಲ್ಲ.

ಎರಡನೇ ಕಾಲಕ್ಕೆ ಬರೋಣ. ಬೋರ್ಡುಗಳಲ್ಲಿ ಎರಡೆರಡು ಪೋರ್ಟ್ ಬಂದವು. ಪ್ರಾಸೆಸರ್ ಒಳಗೇ ಒಂದು ಈಥರ್ನೆಟ್, ಪಿಸಿಐನಲ್ಲಿ ಇನ್ನೊಂದು. ಇದಕ್ಕಾಗಿ ಒಂದೊಂದು ಕಾರ್ಡಿಗೆ ಒಂದೊಂದು ಸ್ಟ್ರಕ್ಚರ್ ಮಾಡಿ, ಅದೇ ನಾಲ್ಕು ಫಂಕ್ಷನ್‌ಗಳ ಪಾಯಿಂಟರ್ ಅದರೊಳಗಿಟ್ಟು, ನೋಂದಾಯಿಸುವ ರೀತಿ ಮೊದಲೇ ಇತ್ತು. 2008ರ ಸುಮಾರಿಗೆ ನೆಟ್‌ವರ್ಕ್ ಭಾಗ ನೋಡಿಕೊಳ್ಳುತ್ತಿದ್ದ ಬೆನ್ ವಾರೆನ್ ಎಲ್ಲ ಡ್ರೈವರ್‌ಗಳನ್ನೂ ಈ ದಾರಿಗೆ ತರುವ ದೊಡ್ಡ ಕೆಲಸ ಹಿಡಿದರು. ಮೇಲಿಂದ ನೋಡಿದರೆ ಬರೀ ಅಚ್ಚುಕಟ್ಟು ಮಾಡಿದ ಹಾಗೆ ಕಾಣುತ್ತದೆ. ನಿಜವಾಗಿ ಆದದ್ದು ಏನೆಂದರೆ ಡ್ರೈವರ್ ಮೊದಲ ಸಲ ಬೋರ್ಡಿನಿಂದ ಬೇರೆ ಆಯಿತು.

ಇದೇ ಕಾಲದಲ್ಲಿ ಬಂದ ಇನ್ನೊಂದು ಬದಲಾವಣೆ ಇವತ್ತಿಗೂ ಜನರನ್ನು ಕಾಡುತ್ತಿದೆ: ಡೇಟಾ ಕ್ಯಾಶ್, ಅಂದರೆ ಮೆಮೊರಿಯ ಡೇಟಾದ ಪ್ರತಿಯನ್ನು ಪ್ರಾಸೆಸರ್ ತನ್ನ ಹತ್ತಿರವೇ ಇಟ್ಟುಕೊಳ್ಳುವ ವೇಗದ ಜಾಗ. ಆರ್ಮ್ ಬೋರ್ಡುಗಳಲ್ಲಿ ಯು-ಬೂಟ್ ಮೊದಲು ಡೇಟಾ ಕ್ಯಾಶ್ ಬಂದ್ ಮಾಡಿಕೊಂಡೇ ಓಡುತ್ತಿತ್ತು. 2010–11ರ ಹೊತ್ತಿಗೆ ಅದನ್ನು ಆನ್ ಮಾಡಿದರು, ಕರ್ನಲ್ ಬಿಚ್ಚುವುದು, ಚೆಕ್‌ಸಮ್ ನೋಡುವುದು ಎಲ್ಲ ಬೇಗ ಆಯಿತು. ಆದರೆ ಅಲ್ಲಿಯವರೆಗೆ ಚೆನ್ನಾಗಿದ್ದ ಎಷ್ಟೋ ಡ್ರೈವರ್‌ಗಳು ಕೆಟ್ಟವು.

ಯಾಕೆ ಅಂದರೆ, ಈಥರ್ನೆಟ್ ಕಾರ್ಡ್ ಪ್ಯಾಕೆಟ್ಟನ್ನು ಡಿಎಂಎ ಮೂಲಕ ನೇರ ರ್‍ಯಾಮ್‌ಗೆ ಬರೆಯುತ್ತದೆ. ಎಲ್ಲಿ ಬರೆಯಬೇಕು ಅಂತ ತಿಳಿಸುವುದು ಡಿಸ್ಕ್ರಿಪ್ಟರ್. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಮೂಟೆ ಮೇಲಿನ ಚೀಟಿ ಇದ್ದ ಹಾಗೆ ಅದು: ಮಾಲು ಎಲ್ಲಿದೆ, ಎಷ್ಟಿದೆ, ಸದ್ಯ ಯಾರದ್ದು. "ಯಾರದ್ದು" ಅನ್ನೋದಕ್ಕೆ ಒಂದು ಬಿಟ್. ಅದು 1 ಇದ್ದರೆ ಕಾರ್ಡ್‌ನದು, 0 ಆದರೆ ಪ್ರಾಸೆಸರ್‌ನದು (ಕೆಲವು ಚಿಪ್‌ಗಳಲ್ಲಿ ತಿರುಗಾಮುರುಗಾ). ಕ್ಯಾಶ್ ಆನ್ ಇದ್ದಾಗ ಪ್ರಾಸೆಸರ್ ನೋಡುವುದು ಕ್ಯಾಶ್‌ನ ಪ್ರತಿ, ಕಾರ್ಡ್ ನೋಡುವುದು ರ್‍ಯಾಮ್‌ನ ಪ್ರತಿ. ಎರಡೂ ಒಂದೇ ಆಗಿರಬೇಕು ಅಂತ ಏನೂ ಇಲ್ಲ.

ಕಳಿಸುವಾಗ ಪ್ಯಾಕೆಟ್‌ನ ಬಫರನ್ನು ಮೊದಲು ಕ್ಯಾಶ್‌ನಿಂದ ರ್‍ಯಾಮ್‌ಗೆ ತಳ್ಳಬೇಕು, ಆಮೇಲೆ ಡಿಸ್ಕ್ರಿಪ್ಟರ್ ಬರೆದು ಅದನ್ನೂ ತಳ್ಳಬೇಕು, ಕೊನೆಗೆ ಕಾರ್ಡಿಗೆ ಹೊರಡು ಅನ್ನಬೇಕು. ಈ ಕ್ರಮ ತಪ್ಪಿದರೆ ಕಾರ್ಡ್ ಹಳೇ ಕಸವನ್ನೇ ತಂತಿಗೆ ಹಾಕುತ್ತದೆ. ಬರಮಾಡಿಕೊಳ್ಳುವಾಗ ಉಲ್ಟಾ: ಓದುವ ಮೊದಲು ಕ್ಯಾಶ್‌ನ ಪ್ರತಿಯನ್ನು ಬಿಸಾಡಬೇಕು. ಇಷ್ಟು ಗೊತ್ತಿದ್ದವರೂ ಎಡವುವುದು ಅಳತೆಯಲ್ಲಿ. ಡಿಸ್ಕ್ರಿಪ್ಟರ್ ಎಷ್ಟೋ ಚಿಪ್‌ಗಳಲ್ಲಿ 16 ಬೈಟ್ ಅಥವಾ ಅದಕ್ಕೂ ಕಡಿಮೆ, ಕ್ಯಾಶ್ ಲೈನ್ (ಕ್ಯಾಶ್ ಒಮ್ಮೆಗೆ ಹಿಡಿಯುವ ತುಂಡು) 32 ಅಥವಾ 64 ಬೈಟ್. ಒಂದು ಲೈನ್‌ನಲ್ಲಿ ನಾಲ್ಕು ಡಿಸ್ಕ್ರಿಪ್ಟರ್ ಕೂತಿವೆ ಅನ್ನಿ. ಮೊದಲನೆಯದನ್ನು ರ್‍ಯಾಮ್‌ಗೆ ತಳ್ಳಿದರೆ ಉಳಿದ ಮೂರೂ ಜೊತೆಗೇ ಹೋಗುತ್ತವೆ, ಅಷ್ಟರಲ್ಲಿ ಕಾರ್ಡ್ ಅವುಗಳಲ್ಲಿ ಬರೆದದ್ದು ಅಳಿಸಿಹೋಗುತ್ತದೆ.

ಪರಿಹಾರ ಮೂರು ತರ. ಡಿಸ್ಕ್ರಿಪ್ಟರ್‌ಗಳನ್ನು ಕ್ಯಾಶ್ ಇಲ್ಲದ ಜಾಗದಲ್ಲಿಡುವುದು ಒಂದು, ಚಿಪ್ ಒಪ್ಪಿದರೆ ಒಂದೊಂದನ್ನೂ ಪೂರ್ತಿ ಲೈನ್‌ಗೆ ಹಿಗ್ಗಿಸುವುದು ಇನ್ನೊಂದು. ಚಿಪ್ ಕಂಪನಿ ಫ್ರೀಸ್ಕೇಲ್‌ನ ಎಫ್‌ಇಸಿ ಅನ್ನೋ ಈಥರ್ನೆಟ್‌ನ ಡ್ರೈವರ್ ಮೂರನೇ ದಾರಿ ಹಿಡಿದಿದೆ: ಒಂದು ಲೈನ್‌ನಲ್ಲಿರುವ ಎಲ್ಲಾ ಡಿಸ್ಕ್ರಿಪ್ಟರ್‌ಗಳ ಕೆಲಸ ಮುಗಿಯುವವರೆಗೆ ಕಾದು, ಒಟ್ಟಿಗೇ ಕಾರ್ಡಿಗೆ ವಾಪಸ್ ಕೊಡುವುದು. ಆ ಫೈಲ್ ಓದಿ, ನಿಜಕ್ಕೂ ಚೆನ್ನಾಗಿದೆ.

ಕ್ಯಾಶ್ ತೊಂದರೆಯ ಲಕ್ಷಣ ಸುಲಭವಾಗಿ ಗುರುತು ಸಿಗುತ್ತದೆ. ಮೊದಲ ಕೆಲವು ಪ್ಯಾಕೆಟ್ ಸರಿ ಇರುತ್ತವೆ, ಎಆರ್‌ಪಿ (ಸರ್ವರ್‌ನ ಹಾರ್ಡ್‌ವೇರ್ ವಿಳಾಸ ಕೇಳುವುದು) ಆಗುತ್ತದೆ, ಟಿಎಫ್‌ಟಿಪಿ ಶುರುವಾಗಿ ನಡುವೆ ನಿಲ್ಲುತ್ತದೆ. ಆಗ ಪ್ರಾಂಪ್ಟ್‌ನಲ್ಲಿ "ಡಿಕ್ಯಾಶ್ ಆಫ್" ಕಮಾಂಡ್ ಕೊಟ್ಟು ಮತ್ತೆ ನೋಡಿ. ಸರಿಹೋದರೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಯಿತು. ಆದರೆ ಕ್ಯಾಶ್ ಆಫ್ ಮಾಡಿದ್ದನ್ನೇ ಪರಿಹಾರ ಅಂದುಕೊಂಡು ಬೋರ್ಡನ್ನು ಗ್ರಾಹಕರಿಗೆ ಕಳಿಸಬೇಡಿ. ಆ ಕಾಲದಲ್ಲಿ ಎಷ್ಟೋ ಬೋರ್ಡುಗಳ ಹೆಡರ್‌ನಲ್ಲಿ ಹಾಗೇ ಮಾಡಿ ಬಿಟ್ಟಿದ್ದರು, ಮೂಲ ತಪ್ಪು ವರ್ಷಗಟ್ಟಲೆ ಹಾಗೇ ಉಳಿಯಿತು.

ಫೈ ಚಿಪ್‌ನ ಕಥೆಯೂ ಹೆಚ್ಚುಕಡಿಮೆ ಇದೇ ಸಮಯದ್ದು. ಈಥರ್ನೆಟ್‌ನಲ್ಲಿ ಮ್ಯಾಕ್ ಅನ್ನೋ ಭಾಗ ಪ್ಯಾಕೆಟ್ಟನ್ನು ನೋಡಿಕೊಳ್ಳುತ್ತದೆ, ಕೇಬಲ್‌ನ ಕಡೆ ನೋಡುವುದು ಫೈ. ಮೊದಲು ಪ್ರತಿ ಡ್ರೈವರೂ ತನ್ನ ಫೈ ಅನ್ನು ತಾನೇ ಮಾತಾಡಿಸಿಕೊಳ್ಳುತ್ತಿತ್ತು. 2011ರಲ್ಲಿ ಲಿನಕ್ಸ್‌ನ ಮಾದರಿಯ ಫೈ ಲೈಬ್ರರಿ ಯು-ಬೂಟ್‌ಗೂ ಬಂತು. ಫೈ ರಿಜಿಸ್ಟರ್ ಓದಿದಾಗ 16 ಬಿಟ್‌ಗಳೂ 1 ಅಂತಲೇ ಬಂದರೆ ಅಲ್ಲಿ ಯಾರೂ ಉತ್ತರ ಕೊಡುತ್ತಿಲ್ಲ ಅಂತ ಅರ್ಥ: ವಿಳಾಸ ತಪ್ಪು, ಕ್ಲಾಕ್ ಇಲ್ಲ, ಇಲ್ಲವೇ ರೀಸೆಟ್ ಪಿನ್ ಇನ್ನೂ ಹಿಡಿದೇ ಇದೆ. 100 ಮೆಗಾಬಿಟ್‌ನಲ್ಲಿ ಓಡಿ 1000ದಲ್ಲಿ ಓಡದಿದ್ದರೆ ಮೊದಲು ಆರ್‌ಜಿಎಂಐಐ (ಮ್ಯಾಕ್, ಫೈ ನಡುವಿನ ಸಂಪರ್ಕ) ವಿಳಂಬ ನೋಡಿ. ಗಿಗಾಬಿಟ್‌ನಲ್ಲಿ ಕ್ಲಾಕ್ 125 ಮೆಗಾಹರ್ಟ್ಸ್, ಎರಡೂ ಅಂಚಿನಲ್ಲಿ ಡೇಟಾ, ಅಂದರೆ ಒಂದೊಂದಕ್ಕೆ 4 ನ್ಯಾನೊಸೆಕೆಂಡ್ ಮಾತ್ರ. ಕ್ಲಾಕ್ ಅನ್ನು ಸುಮಾರು 2 ನ್ಯಾನೊಸೆಕೆಂಡ್ ತಡ ಮಾಡಬೇಕು. ಅದನ್ನು ಮಾಡೋದು ಮ್ಯಾಕೋ, ಫೈಯೋ, ಬೋರ್ಡ್ ಮೇಲಿನ ಉದ್ದದ ಗೆರೆಯೋ? ಒಬ್ಬರೇ ಮಾಡಬೇಕು. ಇಬ್ಬರು ಮಾಡಿದರೂ ಕೆಟ್ಟಿತು, ಯಾರೂ ಮಾಡದಿದ್ದರೂ ಕೆಟ್ಟಿತು.

ಮೂರನೇ ಕಾಲ ಡ್ರೈವರ್ ಮಾಡೆಲ್‌ನದು, ಅಂದರೆ ಎಲ್ಲ ತರದ ಡ್ರೈವರ್‌ಗಳಿಗೂ ಒಂದೇ ಚೌಕಟ್ಟು. ಸೈಮನ್ ಗ್ಲಾಸ್ ಮತ್ತಿತರರ ಕೆಲಸದಿಂದ 2014ರ ಸುಮಾರಿಗೆ ಅದು ಯು-ಬೂಟ್‌ಗೆ ಬಂತು, 2015ರಲ್ಲಿ ಈಥರ್ನೆಟ್‌ಗೂ ವಿಸ್ತರಿಸಿತು. ಈಗ ಚಿಪ್ ಎಲ್ಲಿದೆ ಅನ್ನೋದು ಹೆಡರ್‌ನಲ್ಲಿ ಇರುವುದಿಲ್ಲ, ಬೋರ್ಡಿನ ವಿವರ ಬರೆದಿಡುವ ಡಿವೈಸ್ ಟ್ರೀಯಲ್ಲಿ ಇರುತ್ತದೆ. ಬರಮಾಡಿಕೊಳ್ಳುವ ಫಂಕ್ಷನ್‌ನ ಗುಣವೂ ಬದಲಾಯಿತು. ಹಿಂದೆ ಡ್ರೈವರ್ ತಾನೇ ಪ್ಯಾಕೆಟ್ಟನ್ನು ಮೇಲಿನ ನೆಟ್‌ವರ್ಕ್ ಕೋಡ್‌ಗೆ ಒಪ್ಪಿಸುತ್ತಿತ್ತು. ಈಗ ಪ್ಯಾಕೆಟ್ ಎಲ್ಲಿದೆ, ಎಷ್ಟುದ್ದ ಅಂತ ಹೇಳಿ ಸುಮ್ಮನಾಗುತ್ತದೆ. ಮೇಲಿನವರು ಬಳಸಿ ಮುಗಿಸಿದ ಮೇಲೆ "ಫ್ರೀ ಪ್ಯಾಕೆಟ್" ಅನ್ನೋ ಬೇರೆ ಫಂಕ್ಷನ್ ಕರೆ ಬರುತ್ತದೆ. ಡಿಸ್ಕ್ರಿಪ್ಟರನ್ನು ಕಾರ್ಡಿಗೆ ವಾಪಸ್ ಕೊಡಬೇಕಾದದ್ದು ಅಲ್ಲಿ. ಹಳೇ ಕೋಡನ್ನು ಹಾಗೇ ತಂದವರು ಓದುವ ಫಂಕ್ಷನ್‌ನಲ್ಲೇ ವಾಪಸ್ ಕೊಟ್ಟುಬಿಡುತ್ತಾರೆ. ಮೇಲಿನವರು ಇನ್ನೂ ಓದುತ್ತಿರುವಾಗಲೇ ಕಾರ್ಡ್ ಅದರ ಮೇಲೆ ಹೊಸ ಪ್ಯಾಕೆಟ್ ಬರೆಯುತ್ತದೆ.

ಹಳೇ ರೀತಿ ಹಲವು ವರ್ಷ ಜೊತೆಗೇ ಬದುಕಿತ್ತು. ಗಡುವು ಕೊಟ್ಟು, ಮುಂದೂಡಿ, 2022ರ ಕೊನೆಯ ಹೊತ್ತಿಗೆ ತೆಗೆದುಹಾಕಿದರು. ಆ ಹುಡುಗರ ಕೋಡ್ ಕಂಪೈಲ್ ಆಗದಿರಲು ಕಾರಣ ಇದೇ.

ಹಾಗಾಗಿ ಕೈಗೆ ಸಿಕ್ಕ ಡ್ರೈವರ್‌ನ ವಯಸ್ಸು ಮೊದಲು ಪತ್ತೆ ಮಾಡಿ. ಸ್ಟ್ರಕ್ಚರೇ ಇಲ್ಲದೆ ನೇರ ನಾಲ್ಕು ಫಂಕ್ಷನ್ ಇದ್ದರೆ ಮೊದಲ ಕಾಲದ್ದು, ಅದರಿಂದ ಚಿಪ್‌ನ ರಿಜಿಸ್ಟರ್ ಕ್ರಮ ಮಾತ್ರ ತೆಗೆದುಕೊಳ್ಳಿ. ಕಾರ್ಡನ್ನು ತಾನೇ ನೋಂದಾಯಿಸುವ ಸಾಲಿದ್ದು, ಫ್ಲಶ್ (ಕ್ಯಾಶ್‌ನಿಂದ ತಳ್ಳು), ಇನ್‌ವ್ಯಾಲಿಡೇಟ್ (ಕ್ಯಾಶ್‌ನ ಪ್ರತಿ ಬಿಸಾಡು) ಕರೆಗಳು ಎಲ್ಲೂ ಕಾಣದಿದ್ದರೆ ಕ್ಯಾಶ್ ಆನ್ ಆಗುವ ಮೊದಲಿನದ್ದು ಇರಬಹುದು, ಡಿಎಂಎ ಭಾಗ ಹೊಸದಾಗಿ ಬರೆಯಬೇಕು. ಫ್ರೀ ಪ್ಯಾಕೆಟ್ ಇದ್ದರೆ ಈ ಕಾಲದ್ದು. ಲಿನಕ್ಸ್ ಡ್ರೈವರ್ ನೋಡಿ ಬರೆಯುವವರಿಗೂ ಇದೇ ಮಾತು, ಅಲ್ಲಿ ಇಂಟರಪ್ಟ್ ಇರುತ್ತದೆ, ಕ್ಯಾಶ್ ಕೆಲಸ ಡಿಎಂಎ ಫಂಕ್ಷನ್‌ಗಳ ಒಳಗೆ ಅಡಗಿರುತ್ತದೆ, ಸಾಲು ಸಾಲಾಗಿ ನಕಲು ಮಾಡಿದರೆ ಕೆಲಸಕ್ಕೆ ಬಾರದು.

ಇನ್ನೊಂದು, ಸಣ್ಣ ಘಟಕದವರಿಗೆ. ಒಂದು ಬೋರ್ಡ್ ಸರಿಮಾಡಿ ಅದರ ಫ್ಲ್ಯಾಶ್ ಅನ್ನೇ ಉಳಿದದ್ದಕ್ಕೆಲ್ಲ ನಕಲು ಮಾಡಿದರೆ, ಎನ್ವಿರಾನ್‌ಮೆಂಟ್‌ನಲ್ಲಿ (ಯು-ಬೂಟ್ ಸೆಟ್ಟಿಂಗ್ ಇಡುವ ಜಾಗ) ಉಳಿಸಿದ ಮ್ಯಾಕ್ ವಿಳಾಸವೂ, ಅಂದರೆ ಒಂದೊಂದು ಕಾರ್ಡಿಗೂ ಬೇರೆ ಇರಬೇಕಾದ ಹಾರ್ಡ್‌ವೇರ್ ವಿಳಾಸವೂ, ನಕಲಾಗುತ್ತದೆ. ಒಂದೇ ಸ್ವಿಚ್‌ಗೆ ಎರಡು ಬೋರ್ಡ್ ಹಾಕಿದ ದಿನ ಎರಡೂ ಒದ್ದಾಡುತ್ತವೆ. ವಿಳಾಸವನ್ನು ಚಿಪ್‌ನ ಫ್ಯೂಸ್ ಅಥವಾ ಇಇಪ್ರಾಮ್‌ನಿಂದ ಓದುವ ಫಂಕ್ಷನ್ ಬರೆಯಿರಿ, ಎನ್ವಿರಾನ್‌ಮೆಂಟ್‌ನಲ್ಲಿ ಉಳಿಸಬೇಡಿ.

ಬೋರ್ಡ್ ಕೈಯಲ್ಲಿಲ್ಲದವರೂ ಶುರುಮಾಡಬಹುದು. ಯು-ಬೂಟ್‌ನಲ್ಲಿ ಸ್ಯಾಂಡ್‌ಬಾಕ್ಸ್ ಅನ್ನೋ ಕಾನ್ಫಿಗ್ ಇದೆ, ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲೇ ಮಾಮೂಲಿ ಪ್ರೋಗ್ರಾಂ ತರ ಓಡುತ್ತದೆ. ಅದರ ಈಥರ್ನೆಟ್ ಡ್ರೈವರ್ ಪುಟ್ಟದು, ಚಿಪ್ ಇಲ್ಲ, ಡಿಎಂಎ ಇಲ್ಲ, ಮೂರನೇ ಕಾಲದ ಚೌಕಟ್ಟು ಮಾತ್ರ ಇದೆ. ಅದನ್ನು ಪೂರ್ತಿ ಓದಿ, ಆಮೇಲೆ ನಿಮ್ಮ ಚಿಪ್‌ನ ಹಳೇ ಡ್ರೈವರ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಫಂಕ್ಷನ್ ತುಂಬುತ್ತಾ ಹೋಗಿ, ಮೊದಲು ಫೈ, ಆಮೇಲೆ ಕಳಿಸುವುದು, ಕೊನೆಗೆ ಬರಮಾಡಿಕೊಳ್ಳುವುದು.