ನೂರು ವರ್ಷ ದಾಟಿದ ಕಟ್ಟಡವನ್ನು ಕೆಡವುವಂತಿಲ್ಲವೇ?

ಪ್ರಶ್ನೆ: ನಮ್ಮೂರಿನ ಹಳೆಯ ತಾಲ್ಲೂಕು ಕಚೇರಿಗೆ 120 ವರ್ಷ. ಕೆಡವಲು ಟೆಂಡರ್ ಕರೆದಿದ್ದಾರೆ. 100 ವರ್ಷ ದಾಟಿದ ಕಟ್ಟಡವನ್ನು ಮುಟ್ಟುವಂತಿಲ್ಲವಲ್ಲ, ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕಿದರೆ ಸಾಕೇ?

ಉತ್ತರ: ಈ ‘100 ವರ್ಷ’ದ ಮಾತನ್ನು ಎಷ್ಟು ಸಲ ತಿದ್ದಿದರೂ ಮತ್ತೆ ಬರುತ್ತದೆ. ಪುರಾತನ ಸ್ಮಾರಕಗಳ ಕುರಿತ 1958ರ ಕೇಂದ್ರ ಕಾಯ್ದೆಯ ಪ್ರಕಾರ ಪುರಾತನ ಸ್ಮಾರಕ ಎನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು, ನಿಜ. ಆದರೆ ಅದು ಅರ್ಹತೆ ಮಾತ್ರ. ಸರ್ಕಾರ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗೆ ಎರಡು ತಿಂಗಳು ಕೊಟ್ಟು, ಆಮೇಲೆ ಘೋಷಿಸಿದರಷ್ಟೇ ರಕ್ಷಣೆ. 18 ತುಂಬಿದ ಮಾತ್ರಕ್ಕೆ ಮತದಾರರ ಪಟ್ಟಿಯಲ್ಲಿ ಹೆಸರು ತಾನಾಗಿ ಬಂದು ಕೂರುತ್ತದೆಯೇ? ರಾಜ್ಯದ 1961ರ ಕಾಯ್ದೆಯಲ್ಲೂ ಘೋಷಣೆಯೇ ಮುಖ್ಯ. ಕೆಲವರು 100 ಮೀಟರ್ ನಿಯಮವನ್ನೂ ಇದರ ಜೊತೆ ಕಲಸುತ್ತಾರೆ. ಅದು ಸಂರಕ್ಷಿತ ಸ್ಮಾರಕದ ಸುತ್ತ ಹೊಸದಾಗಿ ಕಟ್ಟುವುದಕ್ಕಿರುವ ನಿಷೇಧ. ಘೋಷಣೆಯೇ ಆಗದ ಕಟ್ಟಡಕ್ಕೆ ಎಲ್ಲಿಂದ ಅಳೆಯುತ್ತೀರಿ? ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ವಯಸ್ಸಿನ ಕೊರತೆಯೇನೂ ಇರಲಿಲ್ಲ. ಆದರೂ ಅದನ್ನೂ ದೇವರಾಜ ಮಾರುಕಟ್ಟೆಯನ್ನೂ ಉಳಿಸಬೇಕೆಂದು ಹಾಕಿದ ಅರ್ಜಿಗಳನ್ನು 2023ರಲ್ಲಿ ಹೈಕೋರ್ಟ್ ವಜಾ ಮಾಡಿತು.

ಹಾಗೆಂದು ಕೈಚೆಲ್ಲಬೇಡಿ. ಜಿಲ್ಲಾಧಿಕಾರಿಗೂ ಪುರಾತತ್ವ ಇಲಾಖೆಗೂ ಇವತ್ತೇ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಮೊದಲು ಅಧಿಕಾರಿಗಳನ್ನು ಕೇಳಿದ್ದೀರಾ?’ ಎಂಬ ಪ್ರಶ್ನೆ ಕೋರ್ಟಿನಲ್ಲಿ ಬಂದೇ ಬರುತ್ತದೆ. 10 ರೂಪಾಯಿ ಶುಲ್ಕ ಕಟ್ಟಿ, 150 ಪದಗಳೊಳಗೆ, ಒಂದೇ ವಿಷಯಕ್ಕೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ ಕೆಡವುವ ಆದೇಶ ಮತ್ತು ಕಟ್ಟಡದ ದೃಢತೆಯ ವರದಿ ಕೇಳಿ. ಉತ್ತರಕ್ಕೆ 30 ದಿನ ಅವಕಾಶವಿದೆ. ಟೆಂಡರ್ ಆಗಿರುವಾಗ ಅಷ್ಟು ದಿನ ಕಾಯುತ್ತ ಕೂರದೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಿ.

ಬಹುತೇಕ ಅರ್ಜಿಗಳು ಸೋಲುವುದು ‘ಶಿಥಿಲವಾಗಿದೆ’ ಎಂಬ ಇಲಾಖೆಯ ಒಂದು ಹಾಳೆಯ ಮುಂದೆ. ಅದಕ್ಕೆ ಉತ್ತರ ಸಂರಕ್ಷಣಾ ಎಂಜಿನಿಯರ್ ಕೊಟ್ಟ ವರದಿ: ಯಾವ ತೊಲೆ ಹೋಗಿದೆ, ಯಾವ ಗೋಡೆ ಬಿರುಕು ಬಿಟ್ಟಿದೆ, ದುರಸ್ತಿಗೆ ಎಷ್ಟು ಬೇಕು. ಕಟ್ಟಡದಲ್ಲಿ ಅಂಗಡಿ ಇಟ್ಟವರನ್ನು ಅರ್ಜಿದಾರರನ್ನಾಗಿ ಮಾಡಬೇಡಿ, ಸ್ವಹಿತಾಸಕ್ತಿ ಎಂದು ಅರ್ಜಿಯೇ ಬಿದ್ದುಹೋಗುತ್ತದೆ.

ತಡೆಯಾಜ್ಞೆ ಸಿಕ್ಕಿತು ಅನ್ನೋಣ, ಆಮೇಲೆ? ಇದನ್ನು ಯಾರೂ ಕೇಳುವುದಿಲ್ಲ. ಕಟ್ಟಡಕ್ಕೆ ಬೀಗ ಬೀಳುತ್ತದೆ, ಮಳೆನೀರು ಹರಿಯುವ ದೋಣಿ ಕಟ್ಟಿಕೊಂಡು ಮಾಳಿಗೆ ಸೋರುತ್ತದೆ, ಗೋಡೆಯಲ್ಲಿ ಅರಳಿ ಸಸಿ ಏಳುತ್ತದೆ. ಎರಡು ಮಳೆಗಾಲ ಸಾಕು, ‘ಶಿಥಿಲ’ ಎಂಬ ಮಾತು ನಿಜವಾಗುತ್ತದೆ. ಆದ್ದರಿಂದ ಮಧ್ಯಂತರ ಅರ್ಜಿಯಲ್ಲೇ ಟಾರ್ಪಾಲಿನ್ ಹೊದಿಕೆ, ದೋಣಿ ಸ್ವಚ್ಛತೆ, ಬೇರು ತೆಗೆಯುವುದು ಎಲ್ಲವನ್ನೂ ದಿನಾಂಕ ಸಮೇತ ಕೇಳಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಬಾರದು ಎಂದೂ ಬರೆಸಿ. ಒಳಗಿನ ತೇವ ಆರದೆ ಇಟ್ಟಿಗೆ ಪುಡಿಯಾಗುತ್ತದೆ, ಹೊರಗೆ ಮಾತ್ರ ಹೊಸದಾಗಿ ಕಾಣುತ್ತದೆ.