ಸ್ಕ್ಯಾನಿಗೆ ಓದು-ಬರಹ ಬೇಕಾಗಿಲ್ಲ, ಆದರೆ…

ಮರೆವಿನ ಕಾಯಿಲೆ (ಡಿಮೆನ್ಷಿಯಾ) ಪತ್ತೆಗೆ ನಾವು ವೈದ್ಯರು ಬಳಸುವ ಪ್ರಶ್ನೆಗಳಲ್ಲಿ ಹೆಚ್ಚಿನವು ಶಾಲೆ ಕಲಿತವರಿಗೆ ಹೊಂದುವಂಥವು. ಗಡಿಯಾರ ಬಿಡಿಸಿ, ನೂರರಿಂದ ಏಳೇಳು ಕಳೆಯಿರಿ, ಒಂದು ವಾಕ್ಯ ಬರೆಯಿರಿ. ಸವಣೂರಿನಿಂದಲೋ ರೋಣದಿಂದಲೋ ಹುಬ್ಬಳ್ಳಿಗೆ ಬಂದ, ಎಂದೂ ಪೆನ್ನು ಹಿಡಿಯದ ಅಜ್ಜಿ ಇದರಲ್ಲಿ ಫೇಲ್ ಆದರೆ ಅದು ಕಾಯಿಲೆಯೇ ಆಗಬೇಕಿಲ್ಲ. ಅದಕ್ಕೇ ನಾನು ಕಾರಹುಣ್ಣಿಮೆ ಆಯಿತೋ ಇಲ್ಲವೋ, ನಿಮ್ಮೂರ ಸಂತೆ ಯಾವ ವಾರ ಅಂತ ಕೇಳುತ್ತೇನೆ. ಮನೆಯವರನ್ನು ಇನ್ನೂ ಜಾಸ್ತಿ ಕೇಳುತ್ತೇನೆ.

ಮಿದುಳಿನ ಸ್ಕ್ಯಾನಿಗೆ ಈ ತೊಂದರೆ ಇಲ್ಲ. ಎಐ (ಕೃತಕ ಬುದ್ಧಿಮತ್ತೆ) ಬಗ್ಗೆ ನನಗೆ ಆಸೆ ಹುಟ್ಟಿದ್ದೂ ಇಲ್ಲೇ. ಅಮೆರಿಕದ ಮೇಯೊ ಕ್ಲಿನಿಕ್‌ನವರು 2025ರಲ್ಲಿ ಸ್ಟೇಟ್‌ವ್ಯೂವರ್ ಎಂಬ ಎಐ ಸಾಧನದ ಫಲಿತಾಂಶ ಪ್ರಕಟಿಸಿದರು. 3,600ಕ್ಕೂ ಹೆಚ್ಚು ಸ್ಕ್ಯಾನ್‌ಗಳಿಂದ ಅದನ್ನು ಕಲಿಸಿ, ಪರೀಕ್ಷಿಸಿದ್ದಾರೆ. ಒಂಬತ್ತು ಬಗೆಯ ಡಿಮೆನ್ಷಿಯಾದಲ್ಲಿ ಯಾವುದು ಅಂತ 88% ಸಲ ಸರಿಯಾಗಿ ಗುರುತಿಸಿತು. ಮಿದುಳಿನ ಯಾವ ಭಾಗ ಸಕ್ಕರೆ ಕಡಿಮೆ ಬಳಸುತ್ತಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್ ಅದಕ್ಕೆ ಬೇಕು. ಆಲ್ಜೈಮರ್‌ನಲ್ಲಿ ಒಂದು ಭಾಗ ಮಂಕಾದರೆ, ಲೂಯಿ ಬಾಡಿ ಎಂಬ ಇನ್ನೊಂದು ಬಗೆಯ ಡಿಮೆನ್ಷಿಯಾದಲ್ಲಿ ನೋಟಕ್ಕೆ ಸಂಬಂಧಿಸಿದ ಹಿಂಭಾಗವೂ ಮಂಕಾಗುತ್ತದೆ.

ಬಗೆ ತಿಳಿದು ಏನಾಗಬೇಕು ಅಂತೀರಾ? ಲೂಯಿ ಬಾಡಿಯವರಲ್ಲಿ ಹಲವರಿಗೆ ಇಲ್ಲದ ಜನ, ಪ್ರಾಣಿಗಳು ಕಾಣುತ್ತವೆ. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತಾರೆ. ಅದರಿಂದ ಹಾನಿ ಕಡಿಮೆ. ಆದರೆ ಯಾರೋ ಭ್ರಮೆಗೆ ಕೊಡುವ ಹ್ಯಾಲೊಪೆರಿಡಾಲ್ ಗುಳಿಗೆ ಬರೆದರೆ ಮೈ ಮರಗಟ್ಟಿ, ನುಂಗುವುದೂ ಕಷ್ಟವಾಗಬಹುದು. ಇನ್ನು ಐವತ್ತರ ಆಸುಪಾಸಿನಲ್ಲೇ ನಾಚಿಕೆ, ಸಂಕೋಚ ಬಿಟ್ಟು ನಡೆಯುವವರ ನೆನಪು ಸರಿಯಾಗೇ ಇರುತ್ತದೆ. ಅದು ಮಿದುಳಿನ ಮುಂಭಾಗದ ಡಿಮೆನ್ಷಿಯಾ ಇರಬಹುದು. ಅಂಥವರು ಆಸ್ಪತ್ರೆಗಿಂತ ಮೊದಲು ಪಂಚಾಯ್ತಿ ಕಟ್ಟೆ ಹತ್ತುತ್ತಾರೆ!

ಪೆಟ್ ದುಬಾರಿ, ಎಲ್ಲರಿಗೂ ಬೇಡ. ಸಾಮಾನ್ಯ ಎಂಆರ್‌ಐನಲ್ಲೇ ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಎಷ್ಟು ಕುಗ್ಗಿದೆ ಎಂದು ಕಂಪ್ಯೂಟರ್ ಅಳೆಯಬಲ್ಲದು. ಆದರೆ ಅಳತೆಗೋಲು ಯಾರದು? ಹೈದರಾಬಾದಿನ ಐಐಐಟಿಯವರು 2019ರಲ್ಲಿ ಭಾರತೀಯ ಮಿದುಳಿನ ಅಟ್ಲಾಸ್, ಅಂದರೆ ಹೋಲಿಸಿ ನೋಡಲು ಮಾದರಿ ನಕ್ಷೆ, ಮಾಡಿದರು. ಸರಾಸರಿಯಲ್ಲಿ ನಮ್ಮವರ ಮಿದುಳು ಪಾಶ್ಚಾತ್ಯರದಕ್ಕಿಂತ ಗಾತ್ರದಲ್ಲಿ ಸ್ವಲ್ಪ ಸಣ್ಣದು ಅಂತ ಕಂಡಿತು. ಬುದ್ಧಿಗೂ ಇದಕ್ಕೂ ಸಂಬಂಧ ಹಚ್ಚಬೇಡಿ. ಆದರೆ ಪಾಶ್ಚಾತ್ಯರ ಲೆಕ್ಕದಲ್ಲಿ ಅಳೆದರೆ ಗಟ್ಟಿಮುಟ್ಟಾದ ಅಜ್ಜನ ಮಿದುಳೂ ಕುಗ್ಗಿದಂತೆ ಕಾಣಬಹುದು.

ಹಾಗಾಗಿ ನನ್ನ ಚೀಟಿಯಲ್ಲಿ ಮೊದಲು ಬರುವುದು ರಕ್ತ ಪರೀಕ್ಷೆ. ಬಿ12 ಕೊರತೆ, ಥೈರಾಯ್ಡ್ ಎರಡೂ ಮರೆವು ತರುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. ಬರೀ ಸಸ್ಯಾಹಾರಿಗಳಾದರೆ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದ್ದರೆ ಬಿ12 ನೋಡಲೇಬೇಕು. ಬಚ್ಚಲಲ್ಲಿ ಜಾರಿ ಬಿದ್ದವರ ತಲೆಯಲ್ಲಿ ವಾರಗಳ ನಂತರ ರಕ್ತ ತುಂಬಿರಬಹುದು. ಅದನ್ನು ಸಾದಾ ಸಿಟಿ ಸ್ಕ್ಯಾನ್ ತೋರಿಸುತ್ತದೆ. ಖಿನ್ನತೆಯೂ ಮರೆವಿನ ವೇಷ ಹಾಕುತ್ತದೆ.

ಬರುವಾಗ ಜೊತೆಗೇ ಇರುವವರು ಬನ್ನಿ, ಊರಿಂದೂರಿಗೆ ಫೋನ್ ಮಾಡುವ ಮಗನಲ್ಲ. ನುಂಗುವ ಗುಳಿಗೆಗಳನ್ನೆಲ್ಲ ಚೀಲದಲ್ಲಿ ತನ್ನಿ. ಹಳೆಯ ಸ್ಕ್ಯಾನಿನ ಫಿಲ್ಮ್ ಸಾಲದು, ಸಿಡಿ ಬೇಕು. ಕಂಪ್ಯೂಟರ್ ಅಳೆಯುವುದು ಅದರಲ್ಲಿರುವ ಫೈಲನ್ನೇ. ಮುಂದಿನ ವರ್ಷ ಮತ್ತೆ ಸ್ಕ್ಯಾನ್ ಮಾಡಿಸುವುದಾದರೆ ಆದಷ್ಟು ಅದೇ ಮಷಿನ್ನಿನಲ್ಲೇ ಮಾಡಿಸಿ.